ಅಂಗಳ ಮುಚ್ಚಿದ ಕಾಲ

ಅಂಗನವಾಡಿ ಎಂಬ ಮಾತು ಇಂದು ಎಲ್ಲರ ಕಿವಿಗೂ ಪರಿಚಿತ. ಅದರ ಹುಟ್ಟಿನ ಕಥೆ ಅಷ್ಟಾಗಿ ಪರಿಚಿತವಲ್ಲ. 1945ರಲ್ಲಿ ತಾರಾಬಾಯಿ ಮೋಡಕರು ಪಶ್ಚಿಮ ಕರಾವಳಿಯ ಬೋರ್ಡಿಯಲ್ಲಿ ಶಿಶುವಿಹಾರ ತೆರೆದರು. ಬಡಕೇರಿಯ ಮಕ್ಕಳು ಅಲ್ಲಿಗೆ ಬರಲಿಲ್ಲ. ಆಗ ಅವರು ಶಾಲೆಯನ್ನೇ ಆ ಮಕ್ಕಳ ಅಂಗಳಕ್ಕೆ ಒಯ್ದರು. ನಮ್ಮ ಕಚೇರಿಗಳು ಈ ಪದವನ್ನು ಹಿಂದಿಯ ಹಾದಿಯಿಂದ ತಂದು, ಅಂಗಳವನ್ನು ಅಂಗನೆಯ ನೆರೆಗೆ ಸರಿಸಿವೆ. ನಡೆಸುವವರು ಹೆಂಗಸರೇ ಆದ್ದರಿಂದ ವೈಯಾಕರಣರೂ ಮುನಿಯಬೇಕಾಗಿಲ್ಲ.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಮೊದಲಾಯಿತು. ಕರ್ನಾಟಕದಲ್ಲಿ ಮೊದಲ ತಾಲ್ಲೂಕು ತಿರುಮಕೂಡಲು ನರಸೀಪುರ. ಆರು ವರ್ಷದೊಳಗಿನ ಮಕ್ಕಳಿಗೆ ಊಟ, ತೂಕ, ಚುಚ್ಚುಮದ್ದು, ಆಟಪಾಠ ಇವೆಲ್ಲ ಒಂದೇ ಸೂರಿನಡಿ ದೊರೆಯಬೇಕೆಂಬುದು ಅದರ ತಿರುಳು.

ಆ ಸೂರು 2020ರ ಮಾರ್ಚಿಯಲ್ಲಿ ಮುಚ್ಚಿತು. ಆ ತಿಂಗಳ 25, ಯುಗಾದಿಯ ದಿನವೇ, ದೇಶಕ್ಕೆ ದೇಶವೇ ಬಾಗಿಲಿಕ್ಕಿಕೊಂಡಿತು. 1898ರ ಪ್ಲೇಗಿನಲ್ಲಿ ಬೆಂಗಳೂರಿನ ಜನ ಮನೆ ತೊರೆದು ಬಯಲಿನ ಗುಡಿಸಲುಗಳನ್ನು ಸೇರಿದ್ದರು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಭಯದ ಬೆನ್ನಿಗೆ. ಈ ಸಲ ಅಪ್ಪಣೆ ತಿರುಗುಮುರುಗಾಗಿತ್ತು: ಅಂಗಳಕ್ಕೂ ಇಳಿಯಬೇಡಿ.

ಜೆ.ಪಿ. ನಗರದ ಏಳನೆಯ ಹಂತದೊಳಗೆ ಕರಗಿಹೋದ ನಮ್ಮ ಪುಟ್ಟೇನಹಳ್ಳಿಯಲ್ಲಿ ಕೆರೆಯ ಸುತ್ತ ಬಹುಮಹಡಿಗಳಿವೆ. ಆ ಮನೆಗಳಲ್ಲಿ ಮುಸುರೆ ತಿಕ್ಕುವವರ, ಗಾರೆ ಹೊರುವವರ ಒಂದೇ ಕೋಣೆಯ ವಠಾರಗಳೂ ಇವೆ. ಬಾಗಿಲು ಮುಚ್ಚಿದ ಮೇಲೆ ಅಂಗನವಾಡಿಯ ಕಾರ್ಯಕರ್ತೆಯರು ಅಕ್ಕಿ, ಬೇಳೆ, ಬೆಲ್ಲ, ಮೊಟ್ಟೆ, ಹಾಲಿನ ಪುಡಿಗಳನ್ನು ಮನೆಮನೆಗೆ ಮುಟ್ಟಿಸಿದರು. ಜ್ವರ, ಕೆಮ್ಮಿನ ಸಮೀಕ್ಷೆಯೂ ಅವರ ತಲೆಗೇ ಬಿತ್ತು. ಮುಖಕ್ಕೆ ಸೀರೆಯ ಸೆರಗನ್ನೇ ಸುತ್ತಿಕೊಂಡು ನಮ್ಮ ಬೀದಿಗೆ ಬಂದ ಒಬ್ಬಾಕೆಯನ್ನು ನಾನು ಗೇಟಿನಾಚೆಯಿಂದಲೇ ಮಾತನಾಡಿಸಿದೆ. ಒಳಗೆ ಕರೆಯುವ ಧೈರ್ಯ ನನಗಿರಲಿಲ್ಲ. ಆಕೆ ಹೇಳಿದ್ದಿಷ್ಟು: "ಬೇಳೆ ಕೊಟ್ಟು ಬಂದೆ ಮೇಷ್ಟ್ರೇ. ಮಗು ತಿಂತೋ ಇಲ್ವೋ ಯಾರು ನೋಡಿದ್ರು?"

ಅಂಗನವಾಡಿಯ ತಟ್ಟೆಯಲ್ಲಿದ್ದ ಅನ್ನ ಆ ಮಗುವಿನದು. ಕೂಲಿಯಿಲ್ಲದ ಮನೆ ಸೇರಿದ ಅಕ್ಕಿ ಎಲ್ಲರ ಮಡಕೆಯದು. ಅದನ್ನು ತಪ್ಪೆನ್ನಲು ನಾವು ಯಾರು? ತಿಂಗಳ ತೂಕವೂ ನಿಂತಿದ್ದರಿಂದ ಯಾವ ಮಗು ಸೊರಗಿತೆಂಬ ಲೆಕ್ಕ ತಪ್ಪಿತು. ಪಾಠ ಫೋನಿಗೆ ಬಂತು, ಆದರೆ ಫೋನು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ನೆರೆಮನೆಯ ಮಕ್ಕಳೊಡನೆ ಸಾಲಾಗಿ ಕೂರುವುದು, ಸರದಿ ಕಾಯುವುದು, ಜಗಳವಾಡಿ ಮತ್ತೆ ಕೂಡುವುದು ಆ ವಯಸ್ಸಿನ ವಿದ್ಯೆ. ಅದನ್ನು ಪೊಟ್ಟಣ ಕಟ್ಟಿ ಕಳಿಸಲಾಗದು.

ಕಂಟೈನ್‌ಮೆಂಟ್ ವಲಯಗಳ ಹೊರಗಿನ ಅಂಗನವಾಡಿಗಳನ್ನು ತೆರೆಯುವ ಬಗ್ಗೆ 31ರೊಳಗೆ ತೀರ್ಮಾನಿಸಿರೆಂದು ಸರ್ವೋಚ್ಚ ನ್ಯಾಯಾಲಯ 2021ರ ಜನವರಿಯಲ್ಲಿ ರಾಜ್ಯಗಳಿಗೆ ಹೇಳಿತು. ಅಷ್ಟರಲ್ಲಿ ಎರಡನೆಯ ಅಲೆ ಬಂತು. ಕರ್ನಾಟಕದಲ್ಲಿ ಬಾಗಿಲು ತೆರೆಯತೊಡಗಿದ್ದು ಆ ವರ್ಷದ ನವೆಂಬರ್ 8ರಂದು. ಸುಮಾರು ಇಪ್ಪತ್ತು ತಿಂಗಳು! ಮೂರರಿಂದ ಆರರವರೆಗಿನ ಬಾಲ್ಯಶಿಕ್ಷಣದಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಈ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿಯ ಹಕ್ಕಿದೆಯೆಂದು ಅದೇ ನ್ಯಾಯಾಲಯ ತೀರ್ಪಿತ್ತದ್ದು 2022ರ ಏಪ್ರಿಲಿನಲ್ಲಿ. ಅಲ್ಲಿಯವರೆಗೆ ಅವರು ಪಡೆಯುತ್ತಿದ್ದುದಕ್ಕೆ ಸರ್ಕಾರದ ಕಡತ ಇಟ್ಟ ಹೆಸರು ಗೌರವಧನ.

ತೆರೆದ ವಾರ ಆ ಕಡೆ ಹೋಗಿದ್ದೆ. ಐದು ತುಂಬಲು ಬಂದ ಹುಡುಗಿಯೊಬ್ಬಳು ಅಜ್ಜಿಯ ಸೆರಗು ಬಿಡದೆ ಹೊಸ್ತಿಲಲ್ಲೇ ನಿಂತಿದ್ದಳು. ಒಳಗೆ ಚಾಪೆ ಹಾಸಿತ್ತು.