ಮೋಟಾರಿಗೂ ಉಂಟು ಉಷ್ಣದ ಮಿತಿ

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿ ಎಂದೊಡನೆ ಭಕ್ತರಿಗೆ ಅಲ್ಲಿನ ಆಂಜನೇಯ ನೆನಪಾಗುತ್ತಾನೆ. ಆದರೆ ಕೊಳವೆ ಬಾವಿ ನಂಬಿದ ರೈತನಿಗೆ ಬೇಸಿಗೆಯಲ್ಲಿ ಬೇರೆಯೇ ಚಿಂತೆ. ಬೆಳೆಗೆ ನೀರು ಬೇಕಾದ ಹೊತ್ತಿಗೇ ಮೋಟಾರು ಸುಟ್ಟರೆ ಗತಿಯೇನು?

ಸುಡುವುದಾದರೂ ಏನು? ತಾಮ್ರವಲ್ಲ, ಅದು ಕರಗಲು 1,085 ಡಿಗ್ರಿ ಸೆಲ್ಸಿಯಸ್ ಬೇಕು. ಸುಡುವುದು ತಂತಿಯ ಮೇಲಿನ ತೆಳುವಾದ ನಿರೋಧಕ ಹೊದಿಕೆ. ಆರಂಭದ ಮೋಟಾರುಗಳಲ್ಲಿ ಹತ್ತಿ, ರೇಷ್ಮೆ, ಕಾಗದಗಳೇ ಈ ಹೊದಿಕೆಯಾಗಿದ್ದವು. ಯಾವ ವಸ್ತು ಎಷ್ಟು ಬಿಸಿ ತಾಳೀತು ಎಂಬುದನ್ನು 1913ರಲ್ಲಿ ಅಮೆರಿಕದ ಸ್ಟೈನ್‌ಮೆಟ್ಸ್ ಮತ್ತು ಲ್ಯಾಮ್ ಶಾಸ್ತ್ರೀಯವಾಗಿ ಚರ್ಚಿಸಿದರು. 1930ರಲ್ಲಿ ಮಾಂಟ್‌ಸಿಂಗರ್ ಟ್ರಾನ್ಸ್‌ಫಾರ್ಮರುಗಳ ಅಧ್ಯಯನದಿಂದ ಒಂದು ಸೂತ್ರ ಕೊಟ್ಟರು: ಉಷ್ಣತೆ ಸುಮಾರು 8 ಡಿಗ್ರಿ ಏರಿದಂತೆಲ್ಲ ಹೊದಿಕೆಯ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ. ಇಂದು ಮೋಟಾರುಗಳಿಗೆ 10 ಡಿಗ್ರಿಯ ಲೆಕ್ಕ ರೂಢಿಯಲ್ಲಿದೆ.

ಹೀಗೆ ವರ್ಗಗಳು ಹುಟ್ಟಿದವು. 'ಎ' ವರ್ಗಕ್ಕೆ 105 ಡಿಗ್ರಿ, 'ಬಿ'ಗೆ 130, 'ಎಫ್'ಗೆ 155, 'ಎಚ್'ಗೆ 180. 1940ರ ದಶಕದಲ್ಲಿ ಬಳಕೆಗೆ ಬಂದ ಸಿಲಿಕೋನ್ 'ಎಚ್' ವರ್ಗಕ್ಕೆ ದಾರಿ ಮಾಡಿತು. 'ಬಿ' ವರ್ಗದ ಲೆಕ್ಕ ಸರಳ: ಸುತ್ತಲಿನ ಗಾಳಿಗೆ 40, ಮೋಟಾರು ತಾನೇ ಏರಿಸಿಕೊಳ್ಳುವ ಬಿಸಿಗೆ 80, ಒಳಗಿನ ಅತಿ ಬಿಸಿ ಜಾಗಕ್ಕೆಂದು 10. ಒಟ್ಟು 130.

ಕರ್ನಾಟಕದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಆರಂಭವಾಯಿತು. ಕ್ರಮೇಣ ಮೋಟಾರು ಗಣಿ, ಕಾರ್ಖಾನೆ ದಾಟಿ ಹೊಲಕ್ಕೂ ಬಂತು. ಹೊಲದ ಕಷ್ಟ ಬೇರೆ. ಅಷ್ಟೇ ಭಾರ ಎತ್ತುವಾಗ ವೋಲ್ಟೇಜು ನೂರಕ್ಕೆ 10 ಕುಸಿದರೆ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ. ಸುರುಳಿಯ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಸುಮಾರು ನೂರಕ್ಕೆ 23ರಷ್ಟು ಜಾಸ್ತಿಯಾಗುತ್ತದೆ. ಮೂರು ಫೇಸುಗಳಲ್ಲಿ ಒಂದು ಹೋದರಂತೂ ಅನಾಹುತವೇ.

ನೀರಿನಲ್ಲಿ ಮುಳುಗಿರುವ ಮೋಟಾರಿಗೆ ಭಯವಿಲ್ಲ ಎನ್ನುವುದೂ ತಪ್ಪು. ಒಳಗೆ ನೀರು ತುಂಬುವ ಮೋಟಾರುಗಳ ತಂತಿಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಅದರ ತಾಳಿಕೆ ಇನ್ನೂ ಕಡಿಮೆ. ಬಾವಿ ಬತ್ತಿ ಸುತ್ತಲಿನ ನೀರು ಇಳಿದರೆ ತಂಪಾಗಿಸುವ ಆಸರೆಯೂ ತಪ್ಪುತ್ತದೆ.

ಆದ್ದರಿಂದ ಸ್ಟಾರ್ಟರಿನ ಓವರ್‌ಲೋಡ್ ರಿಲೇ ಪದೇ ಪದೇ ಬಿದ್ದರೆ ಅದನ್ನು ತಪ್ಪಿಸಿ ವೈರು ಜೋಡಿಸುವುದು ಜಾಣತನವಲ್ಲ. ರಿಲೇ ಬೀಳುವುದು ಮೋಟಾರು ಉಳಿಯಲೆಂದೇ. ಸುಟ್ಟದ್ದನ್ನು ಮತ್ತೆ ಸುತ್ತಿಸುವಾಗಲೂ ಮೊದಲಿದ್ದ ವರ್ಗದ ತಂತಿಯನ್ನೇ ಕೇಳಿ ಹಾಕಿಸಬೇಕು. ಹಾಳೆಯಷ್ಟು ತೆಳುವಾದ ಆ ಹೊದಿಕೆ ಉಳಿದರೆ ಮೋಟಾರು ಉಳಿಯುತ್ತದೆ, ಮೋಟಾರು ಉಳಿದರೆ ಬೆಳೆ.