ಒಳಾಂಗಣ ಬದನೆ ಜಲಕೃಷಿ

ಮಣ್ಣಿನ ಬದಲು ಪೋಷಕಾಂಶ ಬೆರೆಸಿದ ನೀರಿನಲ್ಲಿ, ಮನೆಯೊಳಗೇ ಸಣ್ಣ ಕಾಯಿಯ ಬದನೆಯನ್ನು (ಸೊಲಾನಮ್ ಮೆಲೊಂಜೆನಾ) ಬೆಳೆಯುವ ವಿಧಾನ. ಮುಂಬಯಿಯ ಪಶ್ಚಿಮ ಉಪನಗರ ಕಾಂದಿವಲಿಯ ಅಂಗಳವಿಲ್ಲದ ಫ್ಲಾಟುಗಳಿಗೆ ಇದು ಹೊಂದುತ್ತದೆ. ಆದರೆ ಅಲ್ಲಿ ಫಸಲನ್ನು ನಿರ್ಧರಿಸುವುದು ನೀರಿಗಿಂತ ಹೆಚ್ಚಾಗಿ ಬೆಳಕು. ಬದನೆ ಬಯಸುವ 22–30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮುಂಬಯಿಯಲ್ಲಿ ವರ್ಷದ ಬಹುಪಾಲು ತಾನಾಗಿ ಸಿಗುತ್ತದೆ. ದ್ರಾವಣದ ಪಿಎಚ್ 5.5–6.5ರ ನಡುವೆ ಇರಬೇಕು. ಬೇರಿಗೆ ಗಾಳಿಯಾಡಲು ಅಕ್ವೇರಿಯಂ ಪಂಪು ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡದಲ್ಲಿ ಮಾತ್ರ ಕಿಟಕಿಯ ಬೆಳಕು ಸಾಲದೆ ಗಿಡ ಉದ್ದಕ್ಕೆ ಸೊರಗಿ ಹೂ ಉದುರಿಸುತ್ತದೆ. ದಿನಕ್ಕೆ 14 ಗಂಟೆಯಷ್ಟು ಎಲ್‌ಇಡಿ ಬೆಳಕು ಆಗ ಅನಿವಾರ್ಯ.

ದುಂಬಿಯಿಲ್ಲದ ಕೋಣೆಯಲ್ಲಿ ಕಾಯಿ ಕಟ್ಟದೆಂಬ ಆಕ್ಷೇಪ ನಿಲ್ಲುವುದಿಲ್ಲ: ಬದನೆ ಹೂವಿಗೆ ಅದರದೇ ಪರಾಗ ಸಾಕು. ಪರಾಗಕೋಶದ ತುದಿರಂಧ್ರದಿಂದ ಪರಾಗ ಉದುರುವಂತೆ ಅರಳಿದ ಹೂವನ್ನು ಬೆರಳಿನಿಂದ ತಟ್ಟಿದರಾಯಿತು. ಕರೆಂಟಿನ ಖರ್ಚಿನ ಆಕ್ಷೇಪ ನ್ಯಾಯವಾದುದು. ಮಾರುಕಟ್ಟೆಯ ಬದನೆಗಿಂತ ಇದು ಅಗ್ಗವಾಗದು. ಲಾಭವಿರುವುದು ಬೇರೆ ಕಡೆ: ಹೊಲದಲ್ಲಿ ಪದೇ ಪದೇ ಕೀಟನಾಶಕ ಸಿಂಪಡಿಸಲು ಕಾರಣವಾಗುವ ಕುಡಿ ಮತ್ತು ಕಾಯಿ ಕೊರಕದ ಪತಂಗವನ್ನು ಕಿಟಕಿಯ ಜಾಳಿಗೆಯೇ ತಡೆಯುತ್ತದೆ. ಮುಂಬಯಿಯ ಕರಾವಳಿ ಕನ್ನಡಿಗರಿಗೆ ಪ್ರಿಯವಾದ ಮಟ್ಟುಗುಳ್ಳ ಎಂಬ ಬದನೆ ತಳಿಯ ಬೀಜವನ್ನೂ ಹೀಗೆ ಬಿತ್ತಬಹುದು. ಆದರೆ 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಆ ಹೆಸರು ಉಡುಪಿ ಜಿಲ್ಲೆಯ ಮಟ್ಟು ಪ್ರದೇಶದ ಬೆಳೆಗೆ ಮೀಸಲು. ಒಟ್ಟಿನಲ್ಲಿ ಇದು ಹೊಲಕ್ಕೆ ಪರ್ಯಾಯವಲ್ಲ, ಅಡುಗೆಮನೆಗೆ ಪೂರಕ.