4ನೇ ಸ್ಥಾನಕ್ಕಿಂತ 36ನೇ ಸ್ಥಾನ ದೊಡ್ಡದು

ಮೋಟಾರ್ ರೇಸಿಂಗ್‌ನಲ್ಲಿ ನಮ್ಮವರ ಬೆಸ್ಟ್ ಯಾವುದು, ನಿರಾಸೆ ಮಾಡಿದ್ದು ಯಾವುದು? ಇವತ್ತಿನ ಎಪಿಸೋಡ್ ಇದೇ. ನಾನು ಬಿ.ಕಾಂ. ಓದಿದವನು. ನಂಬರ್ ಕಂಡ್ರೆ ಅದರ ಹಿಂದಿನ ಎಂಟ್ರಿ ಹುಡುಕೋ ಚಾಳಿ. ರೇಸಿಂಗ್ ಇತಿಹಾಸಕ್ಕೂ ಆ ಚಾಳಿ ಬೇಕು.

ಪಕ್ಕದ ಊರಿಂದಲೇ ಶುರು ಮಾಡೋಣ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ಮಾಡೋಕೆ ಶುರು ಮಾಡ್ತು, 1996ರಲ್ಲಿ ಬಾಗಿಲು ಹಾಕ್ತು. ನಮ್ಮ ಅಪ್ಪ, ಅಜ್ಜನ ಕಾಲದವರು ಹಾಲಿನ ಕ್ಯಾನ್ ಕಟ್ಕೊಂಡು ಓಡಿಸಿದ ಜಾವಾ, ಯೆಜ್ಡಿಗಳೇ ಮದ್ರಾಸ್ ಹತ್ತಿರದ ಶೋಲಾವರಂನಲ್ಲಿ ರೇಸಿಗೂ ಇಳಿದಿದ್ದವು. ಶೋಲಾವರಂ ಅಂದ್ರೆ ಯುದ್ಧಕಾಲದ ಹಳೇ ರನ್‌ವೇ. ಇವತ್ತಿಗೂ ನಾಗಮಂಗಲದ ಹುಡುಗನಿಗೆ ದೊಡ್ಡ ಟ್ರ್ಯಾಕ್ ಬೇಕಂದ್ರೆ ಚೆನ್ನೈ ಇಲ್ಲವೇ ಕೊಯಮತ್ತೂರಿನ ಬಸ್ಸೇ ಗತಿ.

ಈಗ ಆ 4ನೇ ಸ್ಥಾನಕ್ಕೆ ಬರೋಣ. 2005ರ ಜೂನ್ 19, ಅಮೆರಿಕದ ಇಂಡಿಯಾನಾಪೊಲಿಸ್. ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ ಫಾರ್ಮುಲಾ ಒನ್‌ನಲ್ಲಿ 4ನೇ ಸ್ಥಾನ, 5 ಪಾಯಿಂಟ್. ಪಾಯಿಂಟ್ ಗಳಿಸಿದ ಮೊದಲ ಭಾರತೀಯ. ಹಿಂದಿನ ಎಂಟ್ರಿ ನೋಡಿ: ಮಿಶೆಲಿನ್ ಟೈರ್ ಸೇಫ್ ಅಲ್ಲ ಅಂತ 14 ಕಾರು ರೇಸ್ ಶುರುವಾಗೋ ಮೊದಲೇ ಪಿಟ್‌ಗೆ ವಾಪಸ್ ಹೋದವು. ಓಡಿದ್ದು ಬರೀ 6 ಕಾರು. ನರೇನ್ ತಪ್ಪೇನಿಲ್ಲ, ಮುಂದಿದ್ದ ರೇಸನ್ನ ಓಡಿಸಿದ್ರು ಅಷ್ಟೇ. ಆದ್ರೆ ಅಭಿಮಾನಿಯಾಗಿ ನಂಗೆ ಅದು ನಿರಾಸೆಯ ದಿನ. ಅದೇ ವರ್ಷದ ಮಾರ್ಚ್‌ನಲ್ಲಿ ಮೆಲ್ಬರ್ನ್‌ನ ತಮ್ಮ ಮೊದಲ ರೇಸಿಗೇ, ಹಿಂದುಳಿದ ಜೋರ್ಡನ್ ಕಾರಲ್ಲಿ 12ನೇ ಜಾಗದಿಂದ ಹೊರಟಿದ್ರಲ್ಲ, ನಿಜವಾದ ಮಜಾ ಅದು. ಕೊನೆಗೆ ಸಿಕ್ಕಿದ್ದು 15ನೇ ಸ್ಥಾನ, ಆ ನಂಬರ್ ಯಾರಿಗೂ ನೆನಪಿಲ್ಲ.

ಇನ್ನು 36. 2015ರ ಜನವರಿ, ಡಕಾರ್ ರ್‍ಯಾಲಿ. ಅರ್ಜೆಂಟೀನಾ, ಚಿಲಿ, ಬೊಲಿವಿಯಾ, ಎರಡು ವಾರ, ಸುಮಾರು 9,000 ಕಿ.ಮೀ. ಇಲ್ಲಿ ಟ್ರ್ಯಾಕೇ ಇಲ್ಲ. ಆಗ ಕಾಗದದ ಸುರುಳಿಯಲ್ಲಿ ಬರೆದ ದಾರಿಯನ್ನ ಹ್ಯಾಂಡಲ್ ಮುಂದೆ ಸಿಕ್ಕಿಸ್ಕೊಂಡು, ಓದ್ತಾ ಓದ್ತಾನೇ ಮರಳಲ್ಲಿ ಓಡಿಸಬೇಕಿತ್ತು. ಬೆಂಗಳೂರಿನ ಸಿ.ಎಸ್. ಸಂತೋಷ್ ಆ ವರ್ಷ ಡಕಾರ್ ಮುಗಿಸಿದ ಮೊದಲ ಭಾರತೀಯ ಆದ್ರು. ಹೊರಟ ಬೈಕ್‌ಗಳಲ್ಲಿ ಗುರಿ ಮುಟ್ಟಿದ್ದು ಹೆಚ್ಚುಕಡಿಮೆ ಅರ್ಧ. ಗೆಲ್ಲೋ ಕುದುರೆ ಅನ್ನಿಸಿಕೊಂಡಿದ್ದ ಹೋಂಡಾದ ಜೋನ್ ಬರೇಡಾಗೆ ಬೊಲಿವಿಯಾದ ಉಯುನಿ ಉಪ್ಪಿನ ಬಯಲಲ್ಲೇ ಬೈಕ್ ಕೈಕೊಡ್ತು. ಅದೇ ಉಪ್ಪಲ್ಲಿ ಸಂತೋಷ್ ಪಾರಾದ್ರು. ಇದಕ್ಕೆ ಎರಡು ವರ್ಷ ಹಿಂದೆ, 2013ರಲ್ಲಿ, ಅಬುಧಾಬಿ ರ್‍ಯಾಲಿಯಲ್ಲಿ ಅವರ ಬೈಕಿಗೆ ಬೆಂಕಿ ಹತ್ತಿ ಕುತ್ತಿಗೆ ಸುಟ್ಟಿತ್ತು ಅನ್ನೋದನ್ನೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ.

2016ರಲ್ಲಿ ಅವರು ಡಕಾರ್ ಮುಗಿಸಲಿಲ್ಲ. 2018ರಲ್ಲಿ ಹೀರೋ ತಂಡದಿಂದ 34ನೇ ಸ್ಥಾನ. 2019ರಲ್ಲಿ ಮತ್ತೆ ಅರ್ಧಕ್ಕೇ ಹೊರಗೆ. ನಂಬರ್ ಪ್ರಕಾರ 34 ಮೇಲು, ಆದ್ರೂ ನನ್ನ ವೋಟು 36ಕ್ಕೇ. ಯಾಕಂದ್ರೆ ಆಗ ಹೇಳಿಕೊಡೋಕೆ ಡಕಾರ್ ಮುಗಿಸಿದ ಇನ್ನೊಬ್ಬ ಭಾರತೀಯನೇ ಇರಲಿಲ್ಲ.

ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ ಲೆಕ್ಕ ಇನ್ನೂ ಚೆಂದ. 2018ರಲ್ಲಿ ಸ್ಪೇನ್‌ನ ಬಾಹಾ ರ್‍ಯಾಲಿಯಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೇ ಪೆಟ್ಟು. ಮುಂದಿನ ವರ್ಷ ವಾಪಸ್ ಬಂದು ದುಬೈಯಲ್ಲಿ 1, ಪೋರ್ಚುಗಲ್‌ನಲ್ಲಿ 3, ಅದೇ ಸ್ಪೇನ್‌ನಲ್ಲಿ 5, ಹಂಗೇರಿಯಲ್ಲಿ 4. ಗೆದ್ದಿದ್ದು ಒಂದೇ ಸುತ್ತು. ಆದ್ರೂ 65 ಪಾಯಿಂಟ್, ಎರಡನೆಯವರಿಗಿಂತ ಬರೀ 4 ಜಾಸ್ತಿ, ಮಹಿಳೆಯರ ಬಾಹಾ ವಿಶ್ವಕಪ್ ಕೈಯಲ್ಲಿ! ಮೋಟಾರ್ ಸ್ಪೋರ್ಟ್ಸ್‌ನಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು ಅವರೇ. ಸ್ಪೇನ್‌ನ ಆ 5ನೇ ಸ್ಥಾನ ಇಲ್ಲದಿದ್ರೆ ಈ ಲೆಕ್ಕ ಟ್ಯಾಲಿ ಆಗ್ತಿರಲಿಲ್ಲ.

2021ರ ಜನವರಿ 6. ಸೌದಿ ಅರೇಬಿಯಾದಲ್ಲಿ ಡಕಾರ್‌ನ 4ನೇ ದಿನ ಸಂತೋಷ್ ಬಿದ್ದರು. ಹೆಲಿಕಾಪ್ಟರ್‌ನಲ್ಲಿ ರಿಯಾದ್ ಆಸ್ಪತ್ರೆಗೆ, ಅಲ್ಲಿ ಔಷಧಿ ಕೊಟ್ಟು ಕೋಮಾದಲ್ಲಿಟ್ಟರು. ಆಮೇಲೆ ಬೆಂಗಳೂರಿಗೆ ಕರೆತಂದರು, ನಿಧಾನಕ್ಕೆ ಚೇತರಿಸಿಕೊಂಡರು. ಇದನ್ನ ನಿರಾಸೆಯ ಪಟ್ಟಿಗೆ ಹಾಕೋಕೆ ನಂಗೆ ಮನಸ್ಸಿಲ್ಲ. ಎದೆಗೆ ಕವಚ, ತಲೆಗೆ ಹೆಲ್ಮೆಟ್, ಎಚ್ಚರಿಕೆಗೆ ಜಿಪಿಎಸ್, ಮೇಲೆ ಹೆಲಿಕಾಪ್ಟರ್. ಇಷ್ಟೆಲ್ಲ ಇದ್ದೂ ಅವರ ಜೀವ ಅಷ್ಟು ಕಷ್ಟಕ್ಕೆ ಸಿಕ್ಕಿಕೊಳ್ತು.

ನಮ್ಮ ಶ್ರೀರಂಗಪಟ್ಟಣದ ಪಕ್ಕದ ಎಕ್ಸ್‌ಪ್ರೆಸ್ ಹೈವೇಗೆ 2023ರ ಆಗಸ್ಟ್ 1ರಿಂದ ಬೈಕ್ ಬಿಡ್ತಿಲ್ಲ. ಸರ್ವೀಸ್ ರಸ್ತೆಯಲ್ಲಿ, ನಾಲೆ ಏರಿ ಮೇಲೆ ರೀಲ್ಸ್‌ಗಾಗಿ ಥ್ರಾಟಲ್ ತಿರುಚೋ ಗೆಳೆಯರೇ, ಅಲ್ಲಿ ಹೆಲಿಕಾಪ್ಟರ್ ಬರಲ್ಲ. ಎದುರಿಗೆ ಬರೋದು ಕಬ್ಬಿನ ಟ್ರ್ಯಾಕ್ಟರ್. ರೇಸಿಂಗ್ ಹುಚ್ಚಿದ್ರೆ ಲೈಸೆನ್ಸ್ ಮಾಡಿಸಿ, ಟ್ರ್ಯಾಕಿಗೆ ಹೋಗಿ. ದೂರ ಇದೆ, ದುಡ್ಡೂ ಬೇಕು, ಒಪ್ಕೊಳ್ತೀನಿ. ಮೈಸೂರು, ಮಂಡ್ಯ ಕಡೆಗೂ ಒಂದು ಟ್ರ್ಯಾಕ್ ಕೊಡಿ ಅಂತ ಕೇಳೋ ಹಕ್ಕೂ ನಮಗಿದೆ.

ಅಲ್ಲಿತನಕ ಮನೆಗೆ ಮುಟ್ಟೋದೇ ಫಿನಿಶ್ ಲೈನ್. ನಿಮ್ಮ ಪಟ್ಟಿಯಲ್ಲಿ ಬೆಸ್ಟ್ ಯಾವುದು, ನಿರಾಸೆ ಯಾವುದು? ವಾಯ್ಸ್ ನೋಟ್ ಕಳಿಸಿ. ಓಡಿಸ್ತಾ ಅಲ್ಲ, ಗಾಡಿ ನಿಲ್ಲಿಸಿ!